ಕರೆದಾಗ ಬಡಿಯುವುದು, ಕೂಡಿ ಬಡಿಯುವುದು

ನಮ್ಮ ಕೇರಿಯ ಯುವಕ ಸಂಘಕ್ಕೆ ಇರುವುದು ಒಂದೇ ಕೋಣೆ. ಅಂಬೇಡ್ಕರ್ ಭವನಕ್ಕೆ ಅಂಟಿಕೊಂಡ, ಸುಣ್ಣ ಕಾಣದ ಕೋಣೆ. ಒಳಗೆ ಬಾಬಾಸಾಹೇಬರ ಪಟ, ಒಂದು ಕೇರಂ ಬೋರ್ಡು, ಕಾಲು ಮುರಿದ ಬೆಂಚು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಮೂರು ತಮಟೆ. ಎರಡು ಚರ್ಮದವು, ಒಂದು ಫೈಬರಿನದು. ಕೂಲಿ ಮುಗಿಸಿದವರು, ಕಾಲೇಜು ಮುಗಿಸಿದವರು ಸಂಜೆ ಇಲ್ಲಿ ಸೇರುತ್ತೇವೆ. ತಮಟೆ ಕಾಯಿಸಲು ಹುಲ್ಲು ತರುವವನೊಬ್ಬ, ಬೀಡಿಗೆ ಅಂತ ಹೊರಗೆ ಹೋಗಿ ಹಾಡು ಮುಗಿಯುವ ಹೊತ್ತಿಗೆ ಒಳಗೆ ಬರುವವನೊಬ್ಬ. ಎಲ್ಲ ಸಂಘಗಳ ಹಾಗೆಯೇ ನಮ್ಮದೂ.

ಒಂದು ಸಂಜೆ ಈ ಕೋಣೆಯ ಬಾಗಿಲಿಗೆ ಬೈಕೊಂದು ಬಂದು ನಿಂತಿತು. ಬಂದವನು ಇಳಿಯಲಿಲ್ಲ, ಇಂಜಿನ್ನೂ ನಿಲ್ಲಿಸಲಿಲ್ಲ. "ಲೇ, ಯಾರ್ರಲಾ ಒಳಗೆ? ಅಜ್ಜಿ ತೀರ್ಕೊಂಡೈತೆ. ತಮಟೆ ತಗೊಂಡು ಬೇಗ ಬನ್ರಿ" ಎಂದ. ಊರಿನ ಜಮೀನುದಾರರ ಮನೆಯ ಹುಡುಗ. ನಮ್ಮ ಜೊತೆ ಹೈಸ್ಕೂಲು ಓದಿದವನು. ಪರೀಕ್ಷೆಯಲ್ಲಿ ನಮ್ಮ ಪೇಪರು ನೋಡಿ ಬರೆದವನು. (ಈ ಮಾತು ಇಲ್ಲಿ ಬೇಕಾಗಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನಮಗೆ ಮೊದಲು ನೆನಪಾದದ್ದು ಅದೇ.) ನಾವು "ಬರೋದಿಲ್ಲ" ಎಂದೆವು. ಅವನಿಗೆ ಆ ಮಾತು ಕೇಳಿಸಲೇ ಇಲ್ಲವೇನೋ ಎಂಬಂತೆ ಗಾಡಿ ತಿರುಗಿಸಿಕೊಂಡ. ಅಷ್ಟರಲ್ಲಿ, ಹೊರಗೆ ಹುಲ್ಲಿನ ಬೆಂಕಿಗೆ ತಮಟೆ ಹಿಡಿದು ಕೂತಿದ್ದ ನಮ್ಮ ದೊಡ್ಡಪ್ಪ ಎದ್ದ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಒಂದು ಮಾತೂ ಆಡದೆ ಆ ಬೈಕಿನ ಹಿಂದೆ ನಡೆದುಕೊಂಡು ಹೋದ.

ನಮಗೆ ಪಾಠ ಹೇಳಿಕೊಡುತ್ತಿದ್ದವನು ಆತನೇ. ಆವತ್ತು ರಾತ್ರಿ ಆ ಮನೆಯ ಕಡೆಯಿಂದ ಬಡಿತ ಕೇಳುತ್ತಿದ್ದರೆ ನಮಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಗಿತ್ತು. ಒಬ್ಬನಂತೂ ಗೋಡೆಯ ಮೇಲಿದ್ದ ತಮಟೆಗಳನ್ನು ಇಳಿಸಿ ಅದೇ ಬೆಂಕಿಗೆ ಹಾಕಲು ಹೊರಟ. "ಈ ದರಿದ್ರ ಇರೋವರೆಗೂ ಅವರು ಕರೀತಾನೇ ಇರ್ತಾರೆ" ಎಂದ. ಅವನನ್ನು ತಡೆದೆವು. ತಡೆದದ್ದು ಸರಿಯೇ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಗೆಳೆಯರೇ, ಆ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡಬೇಕೆನಿಸಿತು.

ತಮಟೆ ಎಂದರೆ ನಮ್ಮ ಹಿರಿಯರ ಪಾಲಿಗೆ ಏನಾಗಿತ್ತು? ಊರಲ್ಲಿ ಹೆಣ ಬಿದ್ದರೆ ಬಡಿಯಬೇಕು. ದೇವರ ಮೆರವಣಿಗೆಗೆ ಬಡಿಯಬೇಕು. ಕೆರೆಗೆ ನೀರು ಬಂದರೆ, ದನ ಕಳೆದುಹೋದರೆ, ಅಮಲ್ದಾರರು ಬಂದರೆ ಬೀದಿ ಬೀದಿ ಸಾರಬೇಕು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಒಂದಿಷ್ಟು ರಾಗಿ. ದೇವರ ಮುಂದೆ ಊರಿಗೇ ಕೇಳುವಂತೆ ಬಡಿದ ಕೈ ಗುಡಿಯ ಹೊಸ್ತಿಲು ಮುಟ್ಟುವ ಹಾಗಿರಲಿಲ್ಲ. ಶಬ್ದಕ್ಕೆ ಮೈಲಿಗೆ ಇಲ್ಲ, ಶಬ್ದ ಹುಟ್ಟಿಸಿದವನಿಗೆ ಉಂಟು! ಈ ತರ್ಕ ಯಾವ ಶಾಸ್ತ್ರದಲ್ಲಿದೆಯೋ ನಾವು ಕಾಣೆವು.

ಕಾನೂನು ಸುಮ್ಮನೆ ಕೂತಿಲ್ಲ ಎನ್ನುವುದನ್ನೂ ಹೇಳಬೇಕು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸಾಲಕ್ಕಾಗಿ ದುಡಿಯುವುದನ್ನು ಮಾತ್ರ ಜೀತ ಎನ್ನುವುದಿಲ್ಲ. ಒಂದು ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ಮಾಡಬೇಕಾಗಿ ಬರುವ ಚಾಕರಿಯೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ನಮ್ಮ ಸಂಘದಲ್ಲಿ ಲಾ ಓದುತ್ತಿರುವ ಗೆಳೆಯ ಇದನ್ನು ಓದಿ ಹೇಳಿದಾಗ ಎಲ್ಲರೂ ಎರಡೆರಡು ಸಲ ಓದಿಸಿಕೊಂಡೆವು. ಕರಾವಳಿಯ ಕೊರಗರು ಕಂಬಳಕ್ಕೆ, ಕೋಲಕ್ಕೆ ಡೋಲು ಹಿಡಿದು ಬರಲೇಬೇಕಿತ್ತು. ಅವರನ್ನು ಮನುಷ್ಯರಿಗಿಂತ ಕೀಳಾಗಿ ಕಂಡ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಹುದ್ದೆ ಹೋಯಿತು, ಜೀತ ಹೋಯಿತು, ಕಾಗದದ ಮೇಲೆ ಎಲ್ಲವೂ ಹೋಯಿತು. ಬೈಕಿನ ಮೇಲೆ ಕೂತು "ಲೇ" ಎನ್ನುವ ದನಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಹೀಗಿರುವಾಗ ಬೆಂಕಿಗೆ ಹಾಕಲು ಹೊರಟ ಗೆಳೆಯನ ಸಿಟ್ಟು ಬರಿಯ ಹುಡುಗಾಟ ಅಲ್ಲ. ಅದರ ಹಿಂದೆ ದೊಡ್ಡ ಪರಂಪರೆಯೇ ಇದೆ. 1927ರಲ್ಲಿ ಮಹಾಡಿನಲ್ಲಿ ಚವದಾರ್ ಕೆರೆಯ ನೀರು ಮುಟ್ಟಿದ ಜನಕ್ಕೆ ಬಾಬಾಸಾಹೇಬರು, ಸತ್ತ ದನದ ಮಾಂಸ ಬಿಡಿ, ಹೀನಾಯದ ಚಾಕರಿ ಬಿಡಿ ಎಂದೇ ಹೇಳಿದರು. ತಮಿಳುನಾಡಿನಲ್ಲಿ ಎಷ್ಟೋ ಕೇರಿಗಳ ಜನ ಸಾವಿಗೆ ಪರೈ ಬಡಿಯುವುದಿಲ್ಲ ಎಂದರು, ಪರೈಗಳನ್ನು ಸುಟ್ಟವರೂ ಉಂಟು. ನಮಗಾದರೂ ಏನು, ಶಾಲೆಯಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯದೆ "ಡಂಕಣಕ" ಎಂದು ಕರೆದದ್ದು ಮರೆತೀತೇ? ಡಿಗ್ರಿ ಮುಗಿಯುವವರೆಗೆ ನಾವು ಯಾರೂ ಕಾಲೇಜಿನಲ್ಲಿ ತಮಟೆ ಗೊತ್ತು ಎಂದು ಬಾಯಿ ಬಿಟ್ಟವರಲ್ಲ.

ಇನ್ನೊಂದು ಕಡೆಯಿಂದ ಬೇರೆ ಮಾತು ಕೇಳಿಬರುತ್ತದೆ. ಇದು ನಿಮ್ಮ ಕಲೆ, ನಮ್ಮ ನಾಡಿನ ಜಾನಪದ ಸಂಪತ್ತು, ಹೆಮ್ಮೆ ಪಡಿ ಅಂತ. ಶಿಡ್ಲಘಟ್ಟ ಸೀಮೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲಿ ಮೊಬೈಲು ಕೈಯಿಂದ ಕೈಗೆ ಓಡಾಡಿತು. ಮುದುಕರು ಕಣ್ಣೊರೆಸಿಕೊಂಡರು. ಆ ಹೆಮ್ಮೆಯನ್ನು ನಾವು ಹಗುರ ಮಾಡುವುದಿಲ್ಲ. ಆದರೆ "ಜಾನಪದ" ಎಂಬ ಮಾತು ಬಂದ ಕೂಡಲೇ ನಮಗೆ ಒಂದು ಅನುಮಾನ. ಆ ಮಾತಿನಲ್ಲಿ ಎಲ್ಲರೂ ಸೇರುತ್ತಾರೆ, ಬಡಿದವನ ಜಾತಿಯೊಂದು ಬಿಟ್ಟು. ಉತ್ಸವದ ವೇದಿಕೆಯ ಮೇಲೆ ಇಪ್ಪತ್ತು ನಿಮಿಷ ಕೆಂಪು ಪೇಟ, ಜರಿ ಅಂಗಿ. ಕೆಳಗಿಳಿದು ಬಸ್ಸು ಹತ್ತಿ ಊರಿಗೆ ಬಂದರೆ ಹೋಟೆಲಿನ ಹೊರಗಡೆಯ ಕಲ್ಲು ಅಲ್ಲೇ ಕಾಯುತ್ತಿರುತ್ತದೆ. ಹಿಂದೊಮ್ಮೆ ಒಬ್ಬ ಮೇಷ್ಟ್ರು ಟೇಪ್ ರೆಕಾರ್ಡರು ಹಿಡಿದು ಬಂದು ನಮ್ಮ ಅಜ್ಜಿಯಂದಿರನ್ನು ಮೂರು ರಾತ್ರಿ ಕೂರಿಸಿ ಹಾಡಿಸಿಕೊಂಡು ಹೋದರಂತೆ. ಪುಸ್ತಕದಲ್ಲಿ ಅವರ ಹೆಸರಿದೆ, ಊರಿನ ಹೆಸರಿದೆ, ಅಜ್ಜಿಯರ ಹೆಸರಿಲ್ಲ. ಹಾಡಿದವಳಿಗೆ ಹೆಸರೇ ಇಲ್ಲದಿರುವುದು ಜಾನಪದದ ಲಕ್ಷಣವಂತೆ!

ಮಾರನೇ ದಿನ ದೊಡ್ಡಪ್ಪ ಸಂಘಕ್ಕೆ ಬಂದ. ಎಂದಿನಂತೆ ಬಂದು ಕೂತ. ನಾವು ಮುಖ ತಿರುಗಿಸಿದೆವು. ಟೀ ತರಿಸಲಿಲ್ಲ. ಆತನೇ ಮಾತು ತೆಗೆದ:

"ಬರಾಕಿಲ್ಲ ಅಂದ್ರಿ. ಸರಿ. ಆ ಒಂದು ಮಾತು ಯೋಳಾಕೆ ನಿಮಗೆ ಹದಿನೈದು ವರ್ಸದ ಇಸ್ಕೂಲು ಬೇಕಾಯ್ತು. ನಂಗ್ಯಾರು ಕಲಿಸವ್ರೆ? ಆ ದನಿ ಕೇಳ್ತಿದ್ದಂಗೆ ಕಾಲು ತಾನಾಗೇ ಎದ್ದು ನಿಲ್ತದೆ ಕಣ್ರಲಾ. ಬಡಿಯಾದ ನಾನು ನಿಮಗೆ ಕಲಿಸ್ದೆ. ಬರಾಕಿಲ್ಲ ಅನ್ನಾದ ನೀವು ನಂಗೆ ಕಲಿಸಿದ್ರಾ? ಅದೂ ಅಲ್ದೆ ಐನೂರು ರೂಪಾಯಿ. ಮಾತ್ರೆ ಮುಗಿದೋಗಿ ನಾಕು ದಿನ ಆಗಿತ್ತು."

ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ನಾಳೀಕೆ ನಾನು ಸತ್ರೆ ನೀವು ಬಡೀತೀರೋ, ಇಲ್ವೋ?"

ನಾವು ಯಾರೂ ಉತ್ತರ ಹೇಳಲಿಲ್ಲ. ಒಬ್ಬ ಎದ್ದು ಹೋಗಿ ಟೀ ತಂದ.

ಬಡಿಯುತ್ತೇವೆ, ಬಡಿಯದೆ ಹೇಗೆ ಇರುತ್ತೇವೆ? ಅದೇ ತಮಟೆ, ಅದೇ ಚರ್ಮ, ಅದೇ ಸಾವಿನ ಬಡಿತ, ಕೈಯೂ ಅದೇ. ಹಾಗಾದರೆ ಅವಮಾನ ಎಲ್ಲಿತ್ತು? ಚರ್ಮದಲ್ಲಿ ಇದ್ದಿದ್ದರೆ ನಮ್ಮ ಸಾವಿಗೆ ಬಡಿದಾಗಲೂ ಅವಮಾನ ಆಗಬೇಕಿತ್ತು. ಕೂಲಿ ತೆಗೆದುಕೊಂಡದ್ದರಲ್ಲಿ ಇತ್ತೇ? ಕಛೇರಿ ಮಾಡುವ ವಿದ್ವಾಂಸರೂ ಸಂಭಾವನೆ ಪಡೆಯುತ್ತಾರೆ, ಅವರಿಗೆ ಯಾರೂ ಏಕವಚನ ಹಚ್ಚುವುದಿಲ್ಲ. ವಾರಗಟ್ಟಲೆ ಜಗಳವಾಡಿ ನಾವು ಬಂದು ನಿಂತ ಜಾಗ ಇದು: ಕರೆದಾಗ "ಆಗುವುದಿಲ್ಲ" ಎನ್ನಲು ಸಾಧ್ಯವಿದ್ದರೆ ಅದು ಸಂಗೀತ, ಸಾಧ್ಯವಿಲ್ಲದಿದ್ದರೆ ಅದು ಚಾಕರಿ, ಎಷ್ಟೇ ಚೆಂದ ಬಡಿದರೂ. ವೇದಿಕೆಯ ಪೇಟಕ್ಕೂ ಇದೇ ಮಾತು. ನಮ್ಮ ಹಿರಿಯರ ಬಡಿತದಲ್ಲಿ ಕಲೆ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಆ ಕಲೆಯನ್ನು ಅವರು ಬೇಡವೆನ್ನುವ ಹಕ್ಕಿಲ್ಲದೆ, ಅದರ ನಡುವೆಯೇ ಕದ್ದು ಮುಚ್ಚಿ ಬೆಳೆಸಿದರು. ಹೆಣದ ಮುಂದೆ ಬಡಿಯುತ್ತಲೇ ಒಬ್ಬರಿಗೊಬ್ಬರು ಬಡಿತದಲ್ಲಿ ಸವಾಲು ಹಾಕಿ ನಗುತ್ತಿದ್ದರಂತೆ. ಆ ನಗು ಊರಿನವರಿಗೆ ಗೊತ್ತಾಗುತ್ತಿರಲಿಲ್ಲ.

ಆದರೆ "ಆಗುವುದಿಲ್ಲ" ಎಂಬ ಮಾತಿಗೆ ಬೆಲೆ ಇದೆ, ಆ ಬೆಲೆಯನ್ನು ಎಲ್ಲರೂ ಒಂದೇ ಸಮ ತೆರುವುದಿಲ್ಲ. ನಮಗೆ ಡಿಗ್ರಿ ಇದೆ, ಬೆಂಗಳೂರಿಗೆ ಬಸ್ಸಿದೆ. ದೊಡ್ಡಪ್ಪನಿಗೆ ಅದೇ ಊರು, ಅದೇ ಜಮೀನಿನ ಕೂಲಿ, ಅದೇ ಅಂಗಡಿಯ ಸಾಲ. ಅವನ ಹೆಸರಿನಲ್ಲಿ ನಾವು ಸ್ವಾಭಿಮಾನ ತೋರಿಸಿ, ಅದರ ಬಿಲ್ಲನ್ನು ಅವನಿಗೆ ಕೊಟ್ಟರೆ ಅದು ಯಾವ ಹೋರಾಟ? ಹಾಗಾಗಿ ಒಂದು ತೀರ್ಮಾನಕ್ಕೆ ಬಂದೆವು. ಯಾರ ಮನೆಗೂ ಒಬ್ಬೊಬ್ಬರೇ ಹೋಗುವುದಿಲ್ಲ. ಬೇಕಾದವರು ಸಂಘಕ್ಕೆ ಬಂದು ಕೂತು ಕೇಳಬೇಕು, ದಿನ ಗೊತ್ತು ಮಾಡಬೇಕು, ವಾಲಗದವರಿಗೆ ಕೊಡುವಷ್ಟೇ ಕೊಡಬೇಕು, ಕುರ್ಚಿ ಹಾಕಬೇಕು, ಎಲ್ಲರಿಗೆ ಕೊಡುವ ಲೋಟದಲ್ಲೇ ನೀರು ಕೊಡಬೇಕು. ಬಂದ ಹಣದಲ್ಲಿ ಮೊದಲ ಪಾಲು ಮುದುಕರ ಔಷಧಿಗೆ. ಒಂದು ಮನೆಯವರು ಹಾಗೆಯೇ ಬಂದರು, ಮರ್ಯಾದೆಯಿಂದ ನಡೆದುಕೊಂಡರು. ಇನ್ನೊಂದು ಮನೆಯವರು ಪೇಟೆಯಿಂದ ಬ್ಯಾಂಡ್‌ಸೆಟ್ ತರಿಸಿದರು. ಕೆಲವು ವಾರ ಕೇರಿಗೆ ಅಂಗಡಿಯಲ್ಲಿ ಸಾಲ ಹುಟ್ಟಲಿಲ್ಲ. ಸಂಘದ ಡಬ್ಬಿ ಬರಿದಾಯಿತು.

ಸುಡುವುದು, ಪೂಜಿಸುವುದು, ಇವೆರಡೇ ದಾರಿ ಎಂದು ತಿಳಿಯಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ತಮಾಷಾ ಆಡಿ ಮೇಲಿನವರನ್ನು ರಂಜಿಸಿದವರಲ್ಲಿ ಮಹಾರರು, ಮಾಂಗರು ಹೆಚ್ಚು. ಫುಲೆಯವರು 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದವರು ಮುಂದೆ ಅದೇ ತಮಾಷಾವನ್ನು ಜಲಸಾ ಮಾಡಿಕೊಂಡರು. 1930ರ ದಶಕದಲ್ಲಿ ಭೀಮರಾವ್ ಕರ್ಡಕ್ ಅವರ ಮೇಳ ಅಂಬೇಡ್ಕರರ ವಿಚಾರವನ್ನು ಹಳ್ಳಿ ಹಳ್ಳಿಗೆ ಹಾಡಿ ಹೇಳಿತು. ಮಟ್ಟು ಹಳೆಯದು, ಮಾತು ಹೊಸದು. ನಮ್ಮಲ್ಲಿಯೂ ಎಪ್ಪತ್ತರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆಯೇ ಮುಂದೆ ನಡೆಯಿತು. 1975ರಲ್ಲಿ 'ಹೊಲೆಮಾದಿಗರ ಹಾಡು' ತಂದ ಸಿದ್ಧಲಿಂಗಯ್ಯನವರ ಹಾಡುಗಳನ್ನು ಓದು ಬಾರದವರೂ ಬಾಯಿಪಾಠ ಹಾಡಿದರು. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮದಲ್ಲಿ ಹುಣ್ಣಿಮೆಯ ರಾತ್ರಿ ಜನ ಸೇರಿ ಹಾಡು ಕೇಳಿದ್ದಾರೆ, ಅಲ್ಲಿ ಯಾರೂ ಯಾರನ್ನೂ "ಲೇ" ಎಂದು ಕರೆಸಿಕೊಂಡು ಬಂದವರಲ್ಲ.

ಕೂಡಿ ಬಡಿಯುವುದೆಂದರೆ ಯಾರ ಜೊತೆ? ಊರೊಳಗಿನ ಮೇಲ್ಜಾತಿಯ ಹುಡುಗನೊಬ್ಬ ಕಲಿಯಲು ಬಂದ. ಮನೆಗೆ ಗೊತ್ತಾಗದ ಹಾಗೆ ಬರುತ್ತಾನೆ. ನಮ್ಮಲ್ಲಿ ಕೆಲವರು ಬೇಡವೆಂದರು: ಹೊಲ ಹೋಯಿತು, ನೀರು ಹೋಯಿತು, ಉಳಿದದ್ದು ಇದೊಂದು, ಇದನ್ನೂ ಕೊಡಬೇಕೇ? ಮತ್ತೆ ಕೆಲವರು, ಮುಟ್ಟಲಿ ಬಿಡ್ರೋ, ಚರ್ಮ ಮುಟ್ಟಿ ಕೂತರೆ ಅವನ ಮೈಲಿಗೆ ತಾನೇ ಕಳೆಯುತ್ತದೆ ಎಂದರು. ದೊಡ್ಡಪ್ಪ ಇಬ್ಬರ ಮಾತನ್ನೂ ಕೇಳಲಿಲ್ಲ. ಅವನ ಕೈಗೆ ಹುಲ್ಲು ಕೊಟ್ಟು "ಮೊದ್ಲು ಕಾಯಿಸಾದು ಕಲಿಯಪ್ಪ" ಎಂದ. ಹುಡುಗನಿಗೆ ಕೈ ಚೆನ್ನಾಗಿದೆ. ಆದರೆ ತಮಟೆಯನ್ನು ಮನೆಗೆ ಒಯ್ಯುವ ಧೈರ್ಯ ಇನ್ನೂ ಬಂದಿಲ್ಲ. ಮನೆಯಲ್ಲಿ ಬಿಸ್ಕೆಟ್ ಡಬ್ಬದ ಮೇಲೆ ಅಭ್ಯಾಸ ಮಾಡುತ್ತಾನಂತೆ.

ಅವನ ವಿಷಯಕ್ಕೆ ಹೀಗೆ ನ್ಯಾಯ ಪಂಚಾಯ್ತಿ ಮಾಡುತ್ತಿದ್ದಾಗ, ಬಾಗಿಲಲ್ಲಿ ನಿಂತಿದ್ದ ನಮ್ಮದೇ ಕೇರಿಯ ಹುಡುಗಿ, ಪಿಯುಸಿ ಓದುತ್ತಿರುವವಳು, "ಅಣ್ಣ, ಅವನಿಗೆ ಕಲಿಸ್ತೀರ. ನಮಗ್ಯಾಕೆ ಕಲಿಸಲ್ಲ?" ಎಂದಳು. ನಮ್ಮ ಬಾಯಿಂದ ಬಂದ ಉತ್ತರಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಹೆಣ್ಣುಮಕ್ಕಳು ತಮಟೆ ಮುಟ್ಟುವುದು ಪದ್ಧತಿ ಇಲ್ಲ. ಮುಟ್ಟಿನ ದಿನಗಳಲ್ಲಿ ಹೇಗೆ, ದೇವರ ಮುಂದೆ ಬಡಿಯುವ ವಾದ್ಯ ಅಲ್ಲವೇ? ರಾತ್ರಿ ಹೊತ್ತು ಯಾರು ಕಳಿಸುತ್ತಾರೆ? ಗುಡಿಯ ಹೊಸ್ತಿಲಲ್ಲಿ ನಮಗೆ ಹೇಳಿದ ಮಾತುಗಳೇ ಇವು, ಅಕ್ಷರ ಬದಲಾಗದೆ. ಬಾಬಾಸಾಹೇಬರ ಪಟದ ಕೆಳಗೆ ಕೂತೇ ಹೇಳಿದೆವು. ನಮ್ಮ ಸಂಘದ ಹೆಸರು ಯುವಕ ಸಂಘ ಎಂದು ಅಂದೇ ನಮಗೆ ಕಣ್ಣಿಗೆ ಬಿದ್ದದ್ದು. ಹೆಂಗಸರು ನಾಟಿಯಲ್ಲಿ, ಬೀಸುವಾಗ, ಮದುವೆಯ ಚಪ್ಪರದಲ್ಲಿ ಹಾಡಿದ್ದನ್ನೆಲ್ಲ ನಾವು ಸಂಘದ ಹಾಡಿನ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಟೇಪ್ ರೆಕಾರ್ಡರಿನ ಮೇಷ್ಟ್ರನ್ನು ಬೈಯುತ್ತಿದ್ದವರು ನಾವು.

ಈಗ ಭಾನುವಾರ ಬೆಳಗಿನ ಹೊತ್ತು ಮೂವರು ಹುಡುಗಿಯರು ಬರುತ್ತಾರೆ. ಮೂರು ಇದ್ದದ್ದು ಕಳೆದ ವಾರ ಎರಡಾಯಿತು, ಒಬ್ಬಳ ತಾಯಿ ಬೇಡವೆಂದಳು. ಅವಳ ಜೊತೆ ಮಾತಾಡಲು ನಮ್ಮಲ್ಲಿ ಯಾರು ಹೋಗಬೇಕು ಎಂದೇ ಇನ್ನೂ ತೀರ್ಮಾನವಾಗಿಲ್ಲ. ಹುಡುಗಿಯರಿಗೆ ಫೈಬರ್ ತಮಟೆ ಸಾಕು, ಹಗುರ, ಮಳೆಗೆ ನೆನೆಯದು, ಕಾಯಿಸುವ ಕೆಲಸವಿಲ್ಲ ಎಂದು ನಮ್ಮವನೊಬ್ಬ ಹೇಳಿದ. ಅವರು ಒಪ್ಪಲಿಲ್ಲ. ಚರ್ಮದ್ದೇ ಬೇಕು ಎಂದರು. ದೊಡ್ಡಪ್ಪ ಹುಣಸೆ ಬೀಜ ನೆನೆಹಾಕಿ ಅಂಟು ಮಾಡಿಕೊಂಡು ಹೊಸದೊಂದಕ್ಕೆ ಚರ್ಮ ಬಿಗಿಯುತ್ತಿದ್ದಾನೆ.

ಆತ ಈಗಲೂ ಒಂದೊಂದು ಮನೆಗೆ ನಮಗೆ ಹೇಳದೆ ಹೋಗಿ ಬರುತ್ತಾನೆ. ನಮಗೆ ಗೊತ್ತಾಗುತ್ತದೆ, ತಮಟೆಯ ದನಿ ಕೇಳದೆ ಇರುತ್ತದೆಯೇ. ಸಂಘದ ನಡಾವಳಿ ಪುಸ್ತಕದಲ್ಲಿ ಆ ದಿನಗಳ ಪುಟ ಖಾಲಿ ಬಿಟ್ಟಿದ್ದೇವೆ. ದಂಡ ಬರೆಯಬೇಕೆಂದು ಇಬ್ಬರು, ಬೇಡವೆಂದು ನಾಲ್ವರು. ಮುಂದಿನ ಭಾನುವಾರ ಸಭೆಯಿದೆ, ಈ ಸಲ ಹೆಂಗಸರನ್ನೂ ಕರೆದಿದ್ದೇವೆ.