ಆಟದ ಮನೆಯಲ್ಲಿ ಕರ್ಮದ ಹೊಣೆ

ಗೋವೆಯ ನಮ್ಮ ಕನ್ನಡ ಮಕ್ಕಳೂ ಆಡುವ ಹಾವು-ಏಣಿಯಾಟದ ಹಿರಿಯ ರೂಪವೇ ಪರಮಪದ ಸೋಪಾನಪಟ. ಅಲ್ಲಿ ಏಣಿಯ ಬುಡದಲ್ಲಿ ಸದ್ಗುಣ, ಹಾವಿನ ತಲೆಯಲ್ಲಿ ದುರ್ಗುಣ. ಆದರೆ ಎಂದೂ ಕಳವು ಮಾಡದ ಹುಡುಗನೂ ದಾಳ ಬಿದ್ದಂತೆ ಕಳವಿನ ಹಾವಿನ ಬಾಯಿಗೆ ಬೀಳುವನು. ಮಾಡದ ಪಾಪಕ್ಕೆ ಶಿಕ್ಷೆಯಾದರೆ ಅದನ್ನು ನೀತಿಯೆನ್ನಬಹುದೇ? ಪಗಡೆಯಲ್ಲಾದರೋ ಗರ ದೈವದ್ದು, ಕಾಯಿ ನಡೆಸುವ ವಿವೇಕ ನಮ್ಮದು.

ಅಮೆರಿಕದಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬವರು 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇನ್ನೂ ಮುಂದೆ ಹೋಯಿತು. ಒಬ್ಬನು ಕಥೆ ನಡೆಸುವನು. ಉಳಿದವರು ಪಾತ್ರಗಳಾಗಿ ತಮ್ಮ ಕಾರ್ಯವನ್ನು ಬಾಯಲ್ಲೇ ಹೇಳುವರು. ತಾಳಮದ್ದಳೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು! ಗೈಗ್ಯಾಕ್ಸನು 1975ರ ಸ್ಪರ್ಧೆಯೊಂದಕ್ಕೆ ಬಳಸಿ 1978ರಲ್ಲಿ ಅಚ್ಚಾಗಿಸಿದ 'ಟೂಮ್ ಆಫ್ ಹಾರರ್ಸ್' ಎಂಬ ಸಾಹಸಕಥಾನಕದಲ್ಲಿ, ಗೋಡೆಯ ಮೇಲೊಂದು ಹಸಿರು ರಾಕ್ಷಸಮುಖವುಂಟು. ಅದರ ತೆರೆದ ಬಾಯನ್ನು ಹೊಕ್ಕವನು ಇಲ್ಲವಾಗುವನು. ಯಾವ ಗರವೂ ಅವನನ್ನುಳಿಸದು.

ಹೊಕ್ಕವನು ತನ್ನ ಕೃತ್ಯದಿಂದಲೇ ಕೆಟ್ಟನು, ನಿಜ. ಆದರೆ ಆ ಬಾಯಿಯನ್ನು ತೆರೆದಿಟ್ಟ ಕರ್ತೃವಿಗೆ ಹೊಣೆಯಿಲ್ಲವೇ? ಕಲಿಸದ ಪಾಠದಿಂದ ಪ್ರಶ್ನೆ ತೆಗೆದು ಅಂಕ ಕಳೆಯುವ ಉಪಾಧ್ಯಾಯನನ್ನು ನಾವು ಕ್ಷಮಿಸುವುದಿಲ್ಲ. ಗೈಗ್ಯಾಕ್ಸನಾದರೋ ಆ ಮುಖಕ್ಕೊಯ್ಯುವ ಹಾದಿಯ ನೆಲದಲ್ಲಿಯೇ, ಹಸಿರಿನಿಂದ ದೂರವಿರೆಂಬ ಸೂಚನೆಯನ್ನು ಒಗಟಾಗಿ ಬರೆದಿರಿಸಿದ್ದನು. ಅದನ್ನೋದದೆ ತುಳಿದು ನಡೆದವನ ಪರವಾಗಿ ವಾದಿಸಲು ನಮಗೆ ಮನಸ್ಸಿಲ್ಲ.