ಬದುಕಿದವನಿಗಿಂತ ಬರೆದವನು ಬಲ್ಲ

ತನ್ನ ಬದುಕನ್ನೇ ಕಾದಂಬರಿಗೆ ತಂದವನ ಮಾತನ್ನು ಎಲ್ಲಿ ಹೆಚ್ಚು ನಂಬಬೇಕು? ಉಂಡದ್ದನ್ನು ಹೇಳುವಲ್ಲೋ, ಕಲ್ಪಿಸಿಕೊಂಡದ್ದನ್ನು ಹೇಳುವಲ್ಲೋ? ಅನುಭವದ ಭಾಗವೇ ನಿಜ, ಉಳಿದದ್ದು ಕಟ್ಟುಕತೆ ಎಂದುಕೊಂಡೇ ನಾವು ಓದುತ್ತೇವೆ. ಅಮೆರಿಕದ ಫಿಲಿಪ್ ಕೆ. ಡಿಕ್ 1977ರಲ್ಲಿ ಪ್ರಕಟಿಸಿದ ‘ಎ ಸ್ಕ್ಯಾನರ್ ಡಾರ್ಕ್ಲಿ’ಯನ್ನು ಹಾಗೆ ಓದಿದರೆ ಅದರ ತಿರುಳೇ ಕೈತಪ್ಪುತ್ತದೆ.

1970ರಲ್ಲಿ ಹೆಂಡತಿ ಮಗಳೊಂದಿಗೆ ಹೊರಟುಹೋದ ಮೇಲೆ ಕ್ಯಾಲಿಫೋರ್ನಿಯಾದ ಡಿಕ್‌ನ ಮನೆಯನ್ನು ಮಾದಕ ವಸ್ತುಗಳ ಚಟಕ್ಕೆ ಬಿದ್ದ ಹುಡುಗ ಹುಡುಗಿಯರು ತುಂಬಿಕೊಂಡರು. ಅವನೂ ವರ್ಷಗಟ್ಟಲೆ ಆಂಫೆಟಮಿನ್ ನುಂಗಿ ಬರೆಯುತ್ತಿದ್ದವನೇ. 1971ರ ನವೆಂಬರಿನಲ್ಲಿ ಆ ಮನೆಗೆ ಯಾರೋ ನುಗ್ಗಿದರು. ಯಾರೆಂದು ಕಡೆಗೂ ತಿಳಿಯಲಿಲ್ಲ. ಮರುವರ್ಷ ಕೆನಡಾದ ವ್ಯಾಂಕೂವರ್‌ನಲ್ಲಿ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ ಅವನು ವ್ಯಸನಿಗಳ ಪುನರ್ವಸತಿ ಕೇಂದ್ರವೊಂದನ್ನು ಸೇರಿದ.

ಕಾದಂಬರಿಯ ಹಿನ್ನುಡಿಯಲ್ಲಿ ಡಿಕ್ ನೇರವಾಗಿ ಮಾತಾಡುತ್ತಾನೆ. ಸತ್ತ, ಮಿದುಳು ಕೆಟ್ಟ ಗೆಳೆಯರ ಹೆಸರುಗಳನ್ನು ಸಾಲಾಗಿ ಬರೆದು, ಮೇದೋಜೀರಕ ಗ್ರಂಥಿ ಹಾಳಾದವನೆಂದು ತನ್ನ ಹೆಸರನ್ನೂ ಸೇರಿಸುತ್ತಾನೆ. ಆ ಪಟ್ಟಿಯಷ್ಟು ನೋವಿನ ಪುಟ ವೈಜ್ಞಾನಿಕ ಕಾದಂಬರಿಗಳಲ್ಲಿ ನನಗೆ ಬೇರೆ ಸಿಕ್ಕಿಲ್ಲ. ಆದರೆ ಅಲ್ಲಿನ ಅವನ ತೀರ್ಮಾನವನ್ನು ನಾನು ಒಪ್ಪಲಾರೆ. ವ್ಯಸನ ರೋಗವಲ್ಲ, ತಪ್ಪಾದ ಆಯ್ಕೆ. ಅದಕ್ಕೆ ಸಿಕ್ಕ ಶಿಕ್ಷೆ ಮಿತಿಮೀರಿತ್ತು, ಅಷ್ಟೇ, ಎನ್ನುತ್ತಾನೆ. ಕಾರಣವಿತ್ತು, ಪರಿಣಾಮವಾಯಿತು ಎಂದು ಲೆಕ್ಕ ಮುಗಿಸುತ್ತಾನೆ.

ಕಾದಂಬರಿ ಈ ಲೆಕ್ಕವನ್ನು ಒಪ್ಪುವುದಿಲ್ಲ. ಅದರ ನಾಯಕ ಬಾಬ್ ಆರ್ಕ್ಟರ್ ‘ಫ್ರೆಡ್’ ಎಂಬ ಹೆಸರಿನ ಗುಪ್ತ ಪೊಲೀಸ್. ಕ್ಷಣಕ್ಷಣಕ್ಕೂ ರೂಪ ಬದಲಿಸುವ ಉಡುಪಿನಿಂದಾಗಿ ಇಲಾಖೆಯವರಿಗೂ ಅವನ ಗುರುತಿಲ್ಲ. ಹಾಗಾಗಿ ಆರ್ಕ್ಟರ್ ಎಂಬ ವ್ಯಸನಿಯ ಮೇಲೆ ಕಣ್ಣಿಡುವ ಕೆಲಸ ಅವನ ಪಾಲಿಗೇ ಬರುತ್ತದೆ. ತನ್ನ ಮನೆಯಲ್ಲಿ ಯಂತ್ರಗಳು ದಾಖಲಿಸಿದ್ದನ್ನು ತಾನೇ ಕೂತು ನೋಡುತ್ತಾನೆ. ‘ಡಿ’ ಎಂಬ ಮಾದಕ ವಸ್ತು ಮಿದುಳಿನ ಎರಡು ಭಾಗಗಳ ನಂಟನ್ನು ಕಡಿಯುತ್ತ ಹೋದಂತೆ, ನೋಡುವವನಿಗೆ ನೋಡಿಸಿಕೊಳ್ಳುವವನು ಪರಕೀಯನಾಗುತ್ತಾನೆ. ಕೊನೆಗೆ ಅವನನ್ನು ಸೇರಿಸಿಕೊಳ್ಳುವ ಪುನರ್ವಸತಿ ಸಂಸ್ಥೆಯ ಹೊಲದಲ್ಲೇ ಆ ಮಾದಕದ ಗಿಡ ಬೆಳೆಯುತ್ತಿರುತ್ತದೆ. ಅವನ ಮಿದುಳು ಕೆಡಲಿ, ಆ ನೆಪದಲ್ಲಿ ಸಂಸ್ಥೆಯ ಒಳಹೋಗಲಿ ಎಂದು ಪೊಲೀಸ್ ಮೇಲಧಿಕಾರಿಗಳೇ ಬಯಸಿದ್ದರು.

ಇಲ್ಲಿ ತಪ್ಪು ಆಯ್ಕೆ ಯಾರದು? ಡಿಕ್ ಇದ್ದುಬಂದ ಕೇಂದ್ರದಲ್ಲಿ ಇಂಥದ್ದೇನೂ ನಡೆದಿರಲಿಲ್ಲ. ಹೊಲ ಪೂರ್ತಿ ಕಲ್ಪನೆ. ಆದರೂ ಒಬ್ಬನ ಪತನದಿಂದ ಬದುಕುವ ಸಂಸ್ಥೆಗಳಿರುತ್ತವೆ, ಅವನನ್ನು ಕಾಯುವವರೂ ಅವನನ್ನು ಬಳಸಿಕೊಳ್ಳುತ್ತಾರೆ ಎಂಬ ಅರಿವು ಆ ಹೊಲದಲ್ಲಿದೆ, ಹಿನ್ನುಡಿಯಲ್ಲಿಲ್ಲ. ಬದುಕುಳಿದವನು ಗೆಳೆಯರ ಸಾವಿಗೆ ತನ್ನನ್ನೂ ಅವರನ್ನೂ ದೂರುವುದು ಸಹಜ. ದುಃಖಕ್ಕೆ ಹತ್ತಿರದ್ದಷ್ಟೇ ಕಾಣುತ್ತದೆ. ಸ್ವಂತ ನೆನಪಿಗೆ ಎಟುಕದ ದೂರವನ್ನು ಭವಿಷ್ಯದ ಕತೆ ಅವನಿಗೆ ಒದಗಿಸಿತು.

ಕೃತಿಗೆ ಬ್ರಿಟನ್ನಿನಲ್ಲೂ ಫ್ರಾನ್ಸಿನಲ್ಲೂ ಪ್ರಶಸ್ತಿಗಳು ಬಂದವು. 2006ರಲ್ಲಿ ರಿಚರ್ಡ್ ಲಿಂಕ್‌ಲೇಟರ್ ಸಿನಿಮಾ ಮಾಡಿ, ಕಡೆಗೆ ಆ ಪಟ್ಟಿಯನ್ನೂ ತೋರಿಸಿದ. ಪಟ್ಟಿ ನಮ್ಮನ್ನು ಅಲುಗಾಡಿಸಬೇಕು, ನಿಜ. ಆದರೆ ಅದರ ಬಲದ ಮೇಲೆ ಇದನ್ನು ಚಟದ ವಿರುದ್ಧದ ಎಚ್ಚರಿಕೆಯೆಂದು ಮೆಚ್ಚಿ ಕೈತೊಳೆದುಕೊಂಡರೆ ಹೊಲದ ಒಡೆಯರು ಪಾರಾಗುತ್ತಾರೆ. ಹೊಣೆಯೆಲ್ಲ ಪಟ್ಟಿಯಲ್ಲಿರುವವರ ತಲೆಗೇ ಬರುತ್ತದೆ.