ನೋಟ ಗೆರೆ ದಾಟುವುದೆಲ್ಲಿ?

ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸುಗಳ ತುಂಬ ಕಾಲೇಜು ಮಕ್ಕಳೇ ಇರುತ್ತಾರೆ. ಮಸ್ಕಿಯಲ್ಲಿ ಹತ್ತುವ, ನಮ್ಮ ಪರಿಚಯದ ಮನೆಯ ಹುಡುಗಿಯೊಬ್ಬಳು ತನ್ನ ವೇಳೆಯ ಬಸ್ಸು ಬಿಟ್ಟು ಒಂದು ತಾಸು ಮುಂಚಿನ ಬಸ್ಸಿಗೆ ಹೋಗತೊಡಗಿದಳು. ಏಕಮ್ಮಾ ಎಂದು ಕೇಳಿದರೆ ತಲೆ ತಗ್ಗಿಸಿದಳು. "ಒಬ್ಬಾವ ದಿನಾ ನೋಡ್ತಾನ ಚಾಚಾ. ಮಾತಾಡಂಗಿಲ್ಲ, ಮುಟ್ಟಂಗಿಲ್ಲ. ನೋಡ್ತಾನ ಅಷ್ಟ. ಕಂಪ್ಲೇಂಟ್ ಅಂದ್ರ ಏನಂತ ಕೊಡ್ಲಿ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನೋಡುವುದು ಅಪರಾಧವೇ? ಕಣ್ಣಿದ್ದವರೆಲ್ಲ ನೋಡುತ್ತಾರೆ. ಕಥೆ ಬರೆಯುವ ನಾವಂತೂ ನೋಡುವುದನ್ನೇ ಕಸುಬು ಮಾಡಿಕೊಂಡವರು. ಹೋಟೆಲಿನ ಮೂಲೆಯಲ್ಲಿ ಕೂತು ಅಪರಿಚಿತರ ಮುಖ, ಮಾತು, ಸವೆದ ಚಪ್ಪಲಿಗಳನ್ನು ಗಮನಿಸುತ್ತೇವೆ. ಹಾಗಾದರೆ ನಮಗೂ ಬಸ್ಸಿನ ಆ ತರುಣನಿಗೂ ಇರುವ ವ್ಯತ್ಯಾಸವೇನು?

ವ್ಯತ್ಯಾಸ ಹುಡುಕುವ ಮೊದಲು ಒಂದು ಸಂಗತಿ ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾವೂ ಲಿಂಗಸುಗೂರಿನ ಒಂದು ಓಣಿಯ ತಿರುವಿನಲ್ಲಿ ನಿಂತವರು. ಆಕೆ ಎಷ್ಟು ಗಂಟೆಗೆ ಮನೆಯಿಂದ ಹೊರಡುತ್ತಾಳೆ, ಯಾರ ಜೊತೆ ಬರುತ್ತಾಳೆ ಎಂಬುದೆಲ್ಲ ನಮಗೆ ಗೊತ್ತಿತ್ತು. ಒಂದು ದಿನವೂ ಮಾತಾಡಿಸಲಿಲ್ಲ. ಅದನ್ನೇ ಪವಿತ್ರ ಪ್ರೇಮವೆಂದು ತಿಳಿದಿದ್ದೆವು. ದೂರದಿಂದ ನೋಡುತ್ತಾ ಕೊರಗುವ ಪ್ರೇಮಿಯನ್ನು ಸಿನಿಮಾಗಳೂ ಗಝಲ್‌ಗಳೂ ನಮಗೆ ದೊಡ್ಡವನನ್ನಾಗಿ ತೋರಿಸಿದ್ದವು. ಕೆಲವು ದಿನಗಳಲ್ಲಿ ಆಕೆ ಆ ದಾರಿಯಲ್ಲಿ ಬರುವುದನ್ನು ಬಿಟ್ಟಳು. ಅದು ನಮ್ಮ ದುಃಖವೆಂದುಕೊಂಡು ವರ್ಷಗಟ್ಟಲೆ ಮರುಗಿದೆವು. ಅದು ಆಕೆಯ ಭಯವಾಗಿದ್ದೀತು ಎಂದು ಹೊಳೆದದ್ದು ಮಸ್ಕಿಯ ಈ ಹುಡುಗಿಯ ಮಾತು ಕೇಳಿದ ಮೇಲೆ.

2012ರ ಡಿಸೆಂಬರಿನ ದೆಹಲಿ ಘಟನೆಯ ನಂತರ 2013ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಹೆಣ್ಣಿನ ಬೆನ್ನು ಬೀಳುವುದು ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ. ಆಕೆ ತನಗೆ ಮನಸ್ಸಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹಿಂಬಾಲಿಸುತ್ತಾ ಪದೇ ಪದೇ ಸಂಪರ್ಕಿಸಲು ಯತ್ನಿಸುವುದು, ಆಕೆಯ ಇಂಟರ್‌ನೆಟ್, ಇ-ಮೇಲ್ ಬಳಕೆಯ ಮೇಲೆ ಕಣ್ಣಿಡುವುದು, ಎರಡೂ ಅದರೊಳಗೆ ಬರುತ್ತವೆ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಸೆರೆಮನೆ.

ಇಲ್ಲಿ ಕಾನೂನು ಗೆರೆ ಎಳೆಯುವುದು ಆಕೆಯ 'ಬೇಡ' ಎಂಬ ಮಾತಿನ ಮೇಲೆ. ಆದರೆ ಮರೆಯಲ್ಲಿ ನಿಂತು ನೋಡುವವನು ಆಕೆಗೆ ಬೇಡ ಎನ್ನುವ ಅವಕಾಶವನ್ನೇ ಕೊಡುವುದಿಲ್ಲ. ಕೇಳಿದರೆ ತಾನೇ ಉತ್ತರ? ಕೇಳದೆಯೇ ಆಕೆಯ ದಾರಿ, ವೇಳೆ, ಗೆಳತಿಯರ ಲೆಕ್ಕವನ್ನೆಲ್ಲ ತನ್ನದಾಗಿಸಿಕೊಳ್ಳುತ್ತಾನೆ. ನಮ್ಮ ಮಟ್ಟಿಗೆ ಗೆರೆ ಇರುವುದು ಇಲ್ಲೇ. ಅಕಸ್ಮಾತ್ ಕಣ್ಣಿಗೆ ಬಿದ್ದದ್ದು ನೋಟ. ನಾಳೆಯೂ ಕಣ್ಣಿಗೆ ಬೀಳಲೆಂದು ಹೊಂಚು ಹಾಕಿದರೆ, ಆಕೆ ತಿರುಗಿದಾಗ ಮುಖ ಮರೆಸಿಕೊಳ್ಳಬೇಕಾದರೆ, ಅದು ಗೆರೆ ದಾಟಿದೆ. ಕಾನೂನು ತಲುಪುವ ಎಷ್ಟೋ ಮೊದಲೇ ಮನಸ್ಸಾಕ್ಷಿಗೆ ಅದು ಗೊತ್ತಾಗಿರುತ್ತದೆ. ಗೊತ್ತಿರುವುದರಿಂದಲೇ ಮುಖ ಮರೆಸಿಕೊಳ್ಳುವುದು.

ಧರ್ಮ ಈ ಮಾತನ್ನು ಹಿಂದೆಯೇ ಹೇಳಿದೆ. ಇನ್ನೊಬ್ಬರ ಗುಟ್ಟು ಹುಡುಕುತ್ತಾ ಹೋಗುವುದನ್ನು ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತದಲ್ಲಿ ನಿಷೇಧಿಸಿದೆ. ಬಾಗಿಲ ಸಂದಿಯಿಂದ ಮನೆಯೊಳಗೆ ಇಣುಕಿದವನನ್ನು ಪ್ರವಾದಿವರ್ಯರು(ಸ) ಕಠಿಣವಾಗಿ ಎಚ್ಚರಿಸಿದ ಹದೀಸ್ ಇದೆ. ಒಳಬರಲು ಅನುಮತಿ ಕೇಳಬೇಕೆಂಬ ನಿಯಮ ಇರುವುದೇ ಕಣ್ಣಿನ ಕಾರಣಕ್ಕೆ ಎಂಬುದು ಅದರ ತಾತ್ಪರ್ಯ. ಕಾಲು ಹೊಸ್ತಿಲ ಹೊರಗಿದ್ದರೂ ಕಣ್ಣು ಒಳಗೆ ಹೋಗಬಲ್ಲದು. ಅಂತೆಯೇ ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸಲು ಮೊದಲು ಹೇಳಿರುವುದು ಗಂಡಸರಿಗೆ, ಅನಂತರ ಹೆಂಗಸರಿಗೆ. ನಾವು ಮಾತ್ರ ಎರಡನೆಯದನ್ನೇ ಓದಿ ಮನೆಯ ಹೆಣ್ಣುಮಕ್ಕಳಿಗೆ ಉಪದೇಶ ಮಾಡುತ್ತೇವೆ.

ಆ ಹುಡುಗಿ ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಕಾಲೇಜು ಬಿಡಿಸುತ್ತಾರೆಂಬ ಅಂಜಿಕೆ. ಅದು ಸುಳ್ಳಲ್ಲ. ಅವನ ಕಣ್ಣು ತಪ್ಪಿಸಲು ಅಣ್ಣ ಆಕೆಯ ಮೊಬೈಲು ಕದ್ದು ನೋಡುತ್ತಾನೆ, ಅಪ್ಪ ದಾರಿ ಕಾಯುತ್ತಾನೆ, ಓಣಿಯವರು ಲೆಕ್ಕ ಇಡುತ್ತಾರೆ. ಕಾಳಜಿಯ ಹೆಸರಿನಲ್ಲಿ ಕಣ್ಣುಗಳು ಇನ್ನಷ್ಟು ಹೆಚ್ಚುತ್ತವೆ. ತಪ್ಪು ಒಬ್ಬನದು, ಬಂದಿಖಾನೆ ಮತ್ತೊಬ್ಬಳಿಗೆ.

2024ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ತರುಣಿಯರ ಕೊಲೆಯಾಯಿತು. ಒಂದರಲ್ಲಿ ಆರೋಪಿ ಮುಸ್ಲಿಂ, ಇನ್ನೊಂದರಲ್ಲಿ ಹಿಂದೂ. 2025ರ ಜನವರಿಯಲ್ಲಿ ನಮ್ಮ ಸಿಂಧನೂರಿನಲ್ಲೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಅಲ್ಲಿ ಆಕೆಯೂ ಆರೋಪಿಯೂ ಮುಸ್ಲಿಮರು. ಯಾರು ಅಪರಾಧಿಯೆಂಬುದನ್ನು ನ್ಯಾಯಾಲಯ ಹೇಳಲಿ. ಆದರೆ ಚಹಾದಂಗಡಿಗಳಲ್ಲಿ ನಾವು ಕೇಳಿದ ಮಾತು ಎರಡೇ: ಕೊಂದವನ ಜಾತಿ ಯಾವುದು, ಮತ್ತು 'ಪಾಪ, ಬಹಳ ಪ್ರೀತಿ ಮಾಡಿದ್ದನಂತೆ'. ಹೆಣ್ಣಿಗೂ ಬೇಡ ಎನ್ನುವ ಹಕ್ಕಿದೆ ಎಂದು ಒಬ್ಬರೂ ಅನ್ನಲಿಲ್ಲ. ನೋಡುವವರೆಲ್ಲ ಕೊಲ್ಲುವುದಿಲ್ಲ, ನಿಜ. ಆದರೆ ಆಕೆಯ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂಬ ಪಾಠ ಆ ಓಣಿಯ ತಿರುವಿನಲ್ಲೇ ಆರಂಭವಾಗುತ್ತದೆ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಸ್ಪಷ್ಟವಾದದ್ದು 1915ರಲ್ಲಿ ಪತ್ತೆಯಾದ ಈ ಶಾಸನದಿಂದ. ಹೇಳುವುದಿದ್ದ ಅರಸ ಹೆಸರು ಹಾಕಿ, ಎಲ್ಲರಿಗೂ ಕಾಣುವಂತೆ ಹೇಳಿದ. ನಮ್ಮ ಹುಡುಗರಿಗೆ ಅಷ್ಟನ್ನು ಕಲಿಸಿದರೆ ಸಾಕು: ಹೇಳುವುದಿದ್ದರೆ ಮರ್ಯಾದೆಯಿಂದ, ಎದುರಿಗೇ, ಒಂದು ಸಲ ಹೇಳು. ಬೇಡವೆಂದರೆ ತಿರುಗಿ ಬಾ. ಹೇಳುವ ಧೈರ್ಯವಿಲ್ಲದಿದ್ದರೆ ಹಿಂಬಾಲಿಸುವ ಹಕ್ಕೂ ಇಲ್ಲ.

ಆ ಹುಡುಗಿ ತನ್ನ ವೇಳೆಯ ಬಸ್ಸಿಗೇ ಹೋಗುವಂತಾಗಬೇಕು. ಬಸ್ಸು ಬದಲಿಸಬೇಕಾದವನು ಅವನು.